ಅಳುತ್ತಿದ್ದ ಅಪ್ಪನಿಗೆ ನಗುವ ಮುಖ ಹಚ್ಚಿದೆ

ಹೋದ ತಿಂಗಳು ಸವಿತಾ ತನ್ನ ಮದುವೆಯ ಆಲ್ಬಂ ಹಿಡಿದುಕೊಂಡು ನಾನು ಕೆಲಸ ಮಾಡುವ ಸ್ಟುಡಿಯೋಗೆ ಬಂದಳು. ಅವಳ ಅಪ್ಪ ತೀರಿಕೊಂಡು ಐದು ದಿನವಾಗಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹಾರ ಹಾಕಿಡಲು ದೊಡ್ಡ ಫೋಟೋ ಬೇಕಿತ್ತು.

ಸ್ಟುಡಿಯೋ ಅಂದರೆ ಏನು ಮಹಾ... ಜೋಗೇಶ್ವರಿ ಸ್ಟೇಷನ್ ಹತ್ತಿರ ಕಿಷ್ಕಿಂಧೆಯಂಥ ಒಂದು ಅಂಗಡಿ. ಮುಂದೆ ಪಾಸ್‌ಪೋರ್ಟ್ ಫೋಟೋ, ಹಿಂದೆ ನಾನು ಮತ್ತು ನನ್ನ ಕಂಪ್ಯೂಟರ್.

ಧಾರವಾಡದ ಕಡೆಯಿಂದ ಬಂದು ಹದಿನಾರು ವರ್ಷವಾಯಿತು, ಮದುವೆ ಆಲ್ಬಂ ಡಿಸೈನ್ ಮಾಡುವುದೇ ನನ್ನ ಹೊಟ್ಟೆಪಾಡು. ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೋದಿಂದ ಕಣ್ಣು ತೆರೆದ ಮುಖ, ಆಕಳಿಸುವವರಿಗೆ ಬಾಯಿ ಮುಚ್ಚಿದ ಮುಖ. ತಲೆ ಬದಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ ಇತ್ತು.

ಎರಡು ವರ್ಷದ ಹಿಂದೆ ಸವಿತಾಳ ಮದುವೆಗೆ ಫೋಟೋ ತೆಗೆದದ್ದು ನಮ್ಮ ಸ್ಟುಡಿಯೋದವರೇ. ಹುಡುಗ ಅವಳ ಜೊತೆ ಅಂಧೇರಿಯ ಆಫೀಸಿನಲ್ಲಿ ಕೆಲಸ ಮಾಡುವ ಮರಾಠಿಯವನು.

ಅವಳ ಅಪ್ಪ ವಿಜಯಪುರ ಕಡೆಯವರು, ಮನೆ ಕಟ್ಟುವ ಗೌಂಡಿ. ಈ ಸಂಬಂಧಕ್ಕೆ ಸುತರಾಂ ಒಪ್ಪದೆ ಆರು ತಿಂಗಳು ಮಗಳ ಜೊತೆ ಮಾತು ಬಿಟ್ಟಿದ್ದರಂತೆ. ಕೊನೆಗೆ ತಾವೇ ನಿಂತು ಧಾರೆ ಎರೆದುಕೊಟ್ಟರು.

ಸವಿತಾ ಆಲ್ಬಂ ತೆರೆದು ಒಂದು ಪುಟ ತೋರಿಸಿದಳು. ಹೆಣ್ಣು ಒಪ್ಪಿಸಿಕೊಡುವ ಫೋಟೋ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆಯ ಮುಂದೆ ಬಾಗಿ ಅಳುತ್ತಿದ್ದಾಳೆ. ಹಿಂದೆ ನಿಂತ ಅಪ್ಪ ನಗುತ್ತಿದ್ದಾರೆ.

"ಅಪ್ಪಾ ಇಷ್ಟು ಖುಷ್ ಇದ್ದ ಫೋಟೋ ಮತ್ತೆಲ್ಲೂ ಇಲ್ರಿ ಅಣ್ಣಾ. ಇದರಾಗಿನ ಮುಖಾನ ದೊಡ್ಡದು ಮಾಡ್ರಿ," ಅಂದಳು.

ಆಮೇಲೆ ತಾನಾಗಿಯೇ ಹೇಳಿಕೊಂಡಳು. ಆಲ್ಬಂ ಬಂದ ದಿನ ಈ ಪುಟ ನೋಡಿ ಅವಳಿಗೆ ಅಪ್ಪ ಪೀಡೆ ತೊಲಗಿತು ಅಂದುಕೊಂಡು ನಗುತ್ತಿದ್ದಾರೆ ಅನ್ನಿಸಿತಂತೆ. ಅಂದಿನಿಂದ ಮಲಾಡಿನ ತವರುಮನೆಗೆ ಹಬ್ಬಕ್ಕೆ ಹೋದರೂ ಊಟ ಮುಗಿಸಿ ಎದ್ದುಬಿಡುತ್ತಿದ್ದಳು. ಅಪ್ಪನ ಹತ್ತಿರ ಕೂತು ಮಾತಾಡಲಿಲ್ಲ, ಒಂದು ಸಲವೂ.

ಸಿಟ್ಟಿಲ್ಲದೆ ಹೇಳಿದಳು. ನಾನು ಆ ಪುಟವನ್ನು ಮುಚ್ಚಿಬಿಟ್ಟೆ.

ಯಾಕೆಂದರೆ ಆ ನಗು ನಾನು ಹಚ್ಚಿದ್ದು.

ನಿಜವಾದ ಫೋಟೋದಲ್ಲಿ ಆ ಮನುಷ್ಯ ಅಳುತ್ತಿದ್ದರು. ಸುಮ್ಮನೆ ಕಣ್ಣು ತುಂಬಿಕೊಂಡದ್ದಲ್ಲ, ಬಾಯಿ ಸೊಟ್ಟ ಮಾಡಿ, ಮೂಗು ಸೋರಿಸಿಕೊಂಡು ಅಳುತ್ತಿದ್ದರು.

ಮದುಮಗಳು ಅತ್ತರೆ ಫೋಟೋ ಚೆಂದ, ಮುದುಕರು ಅತ್ತರೆ ಪುಟ ಕೆಡುತ್ತದೆ ಎಂಬುದು ನಮ್ಮ ಅಂಗಡಿಯ ಯಜಮಾನ ಸೇಠ್ ಅವರ ಲೆಕ್ಕ. ಸೇಠ್ ಮೇಲೆ ಯಾಕೆ ಹಾಕಲಿ... ನನಗೂ ಹಾಗೇ ಅನ್ನಿಸಿತ್ತು.

ಸ್ಟೇಜ್ ಮೇಲೆ ಯಾರಿಗೋ ನಮಸ್ಕಾರ ಮಾಡುತ್ತಾ ಅವರು ನಕ್ಕ, ಆಲ್ಬಂಗೆ ಹಾಕದ ಇನ್ನೊಂದು ಫೋಟೋ ಇತ್ತು. ಆ ತಲೆ ಕತ್ತರಿಸಿ ತಂದು ಕೂಡಿಸಿದೆ. ಕತ್ತಿನ ಬಣ್ಣ, ತಲೆಗೆ ಸುತ್ತಿದ ಪಟಕಾದ ನೆರಳು ಎಲ್ಲ ಹೊಂದಿಸಿದೆ. ಸೇಠ್ ಅವರನ್ನು ಕರೆದು ತೋರಿಸಿ ಶಾಬಾಶ್ ಗಿಟ್ಟಿಸಿಕೊಂಡೆ. ಸವಿತಾಳನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಅವಳು ಬಂದ ಆ ದಿನ ಆಲ್ಬಂ ಇಟ್ಟುಕೊಂಡೆ. ನಾಳೆ ಬಾ ತಂಗಿ ಎಂದು ಕಳಿಸಿದೆ.

ಅವಳು ಹೋದ ಮೇಲೆ ಹುಡುಕಿದೆ. ಆಲ್ಬಂ ಕೊಟ್ಟು ಆರು ತಿಂಗಳಾದರೆ ಎಲ್ಲ ಅಳಿಸಿಬಿಡುವುದು ನಮ್ಮ ಪದ್ಧತಿ. ಹಳೆಯ ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಎಲ್ಲ ಜಾಲಾಡಿದೆ. ಫೋಟೋ ತೆಗೆದವನಿಗೂ ಫೋನ್ ಮಾಡಿದೆ. ಎಲ್ಲೂ ಇಲ್ಲ. ಮದುವೆಗೆ ವಿಡಿಯೋ ಕೂಡ ಮಾಡಿಸಿರಲಿಲ್ಲ.

ಮರುದಿನ ಅದೇ ನಗುಮುಖದ ಫ್ರೇಮ್ ಕೈಗಿಟ್ಟೆ. ಅವಳು ಸೆರಗಿನಿಂದ ಗಾಜು ಒರೆಸಿದಳು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆಗಲಿಲ್ಲ ನನ್ನಿಂದ. ಎಲ್ಲ ಹೇಳಿಬಿಟ್ಟೆ.

ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಫೋಟೋ ತೆಗೆಯುವ ಸ್ಟೂಲ್ ಮೇಲೆ ಕೂತಳು. "ಹೆಂಗ ಅಳಾಕತ್ತಿದ್ದ?" ಎಂದು ಕೇಳಿದಳು.

ಆ ಮುಖವನ್ನು ಇಡೀ ಸ್ಕ್ರೀನ್ ತುಂಬ ಹಿಗ್ಗಿಸಿ ನೋಡಿದವನು ನಾನು. ಕೆಳತುಟಿ ಎಡಕ್ಕೆ ಎಳೆದುಕೊಂಡಿತ್ತು ಅಂದೆ. ಬಿಳಿ ಗಡ್ಡದಲ್ಲಿ ನೀರು ನಿಂತಿತ್ತು ಅಂದೆ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ತನ್ನ ಸಮಾಧಾನಕ್ಕೆ ಹೇಳುತ್ತಿಲ್ಲ ತಾನೇ ಎಂದು ಕೇಳುತ್ತಾಳೆ. ನನ್ನ ಹತ್ತಿರ ಏನಿದೆ ತೋರಿಸಲು?

ಆಲ್ಬಂ ತೆರೆದೆ. ಮುಖ ಬದಲಿಸಿದ್ದೆ, ಕೈ ಮುಟ್ಟಿರಲಿಲ್ಲ. ಮಗಳ ಹೆಗಲ ಮೇಲೆ ಅಪ್ಪನ ಕೈ ಇದೆ. ರೇಷ್ಮೆ ಸೀರೆ ಮುದ್ದೆಯಾಗುವಷ್ಟು ಬಿಗಿಯಾಗಿ ಹಿಡಿದಿದ್ದಾರೆ. ಖುಷಿಯಲ್ಲಿರುವವರು ಹೀಗೆ ಹಿಡಿಯುವುದಿಲ್ಲ ತಂಗಿ, ಅಂದೆ.

ಸವಿತಾ ಆ ಕೈಯ ಮೇಲೆ ಬೆರಳಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಈ ಕೈ ಆದ್ರೂ ನಮ್ಮಪ್ಪಂದ ಹೌದಲ್ರಿ ಅಣ್ಣಾ?"

ಹೌದು ಅಂದೆ... ಅವಳ ಜಾಗದಲ್ಲಿ ನೀವಿದ್ದಿದ್ದರೆ ನನ್ನ ಮಾತು ನಂಬುತ್ತಿದ್ದಿರಾ?