ಹಿರಿಯನಿಗೆ ಮೊದಲ ಆರು ಪದ

ಶಿವಮೊಗ್ಗದ ಗೋಪಾಳ ಬಡಾವಣೆಯಲ್ಲಿ ಒಂದು ಮಹಡಿಯ ಮೇಲೆ ಹಾಲ್ ಬಾಡಿಗೆಗೆ ಹಿಡಿದು, ವಿದೇಶದಲ್ಲಿ ದುಡಿಯುವವರಿಗೆ ಕ್ರಿಪ್ಟೋ ಕಲಿಸುತ್ತೇನೆಂದು ಬೋರ್ಡು ತಗುಲಿಸಿದವನೊಬ್ಬನಿದ್ದ. ಕೋಟು ಹಾಕುತ್ತಿದ್ದ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೋಟು ಹಾಕುವವನನ್ನು ನಂಬಬಾರದು ಎಂಬಷ್ಟು ಬುದ್ಧಿ ಎಂಥವರಿಗೂ ಇರಬೇಕು. ನನ್ನ ಅಣ್ಣನಿಗೆ ಇರಲಿಲ್ಲ. ಅವನು ದುಡ್ಡು ಕಟ್ಟಿ, ಮುಂದಿನ ಸಾಲಿನಲ್ಲಿ ಕೂತು, ಆ ಮಹಾಶಯ ಹೇಳಿದ್ದನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಣ್ಣ ವಿದೇಶಕ್ಕೆ ಹೋದವನಲ್ಲ. ಹೋಗುವ ಯೋಚನೆಯೂ ಇರಲಿಲ್ಲ. ವಿದೇಶದಲ್ಲಿ ದುಡಿಯುತ್ತಿದ್ದವನು ನಾನು.

ನಾನು ಭದ್ರಾವತಿಯ ವೆಲ್ಡರ್. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ನಾನು ಕೊಲ್ಲಿಯ ಒಂದು ದೇಶದಲ್ಲಿ ಪೈಪ್ ಬೆಸೆಯುತ್ತಿದ್ದೆ. ನಮ್ಮ ಕ್ಯಾಂಪಿನಲ್ಲಿ ಐದು ದೇಶದವರಿದ್ದೆವು. ಒಬ್ಬರ ಭಾಷೆ ಒಬ್ಬರಿಗೆ ಬರದು, ಒಬ್ಬರ ಸಾರು ಒಬ್ಬರಿಗೆ ಸೇರದು. ಊರಿಗೆ ದುಡ್ಡು ಕಳಿಸುವ ಅಂಗಡಿ ಪೇಟೆಯಲ್ಲಿತ್ತು, ಪೇಟೆಗೆ ಬಸ್ಸು ಶುಕ್ರವಾರ ಮಾತ್ರ. ಆ ಅಂಗಡಿಯವನು ಕಮಿಷನ್ ಮುರಿದುಕೊಂಡು, ಮೇಲೆ ನಮ್ಮನ್ನು ಭಿಕ್ಷುಕರನ್ನು ನೋಡುವ ಹಾಗೆ ನೋಡುತ್ತಿದ್ದ. ನನಗೆ ಬೇರೆ ದಾರಿ ತೋರಿಸಿದವನು ನಮ್ಮ ಕ್ಯಾಂಪಿನ ಅಡುಗೆಯವನು. ಕೀನ್ಯಾದವನು, ಬೆಟ್ಟದಂಥ ಆಳು.

ಅವನು ಪಾಠ ಮಾಡಿದ್ದು ಈರುಳ್ಳಿ ಹೆಚ್ಚುತ್ತಾ. ಅರ್ಧ ಇಂಗ್ಲಿಷ್, ಅರ್ಧ ಕ್ಯಾಂಪಿನ ಹಿಂದಿ. ಫೋನಿನಲ್ಲಿ ವಾಲೆಟ್ ಅನ್ನುವ ಆ್ಯಪ್ ಹಾಕಿಸಿದ. ಡಾಲರಿನ ಬೆಲೆಗೇ ಕಟ್ಟಿದ ಡಿಜಿಟಲ್ ನಾಣ್ಯವನ್ನಷ್ಟೇ ಇಟ್ಟುಕೋ, ಏರುವ ಇಳಿಯುವ ನಾಣ್ಯದ ತಂಟೆಗೆ ಹೋಗಬೇಡ, ಅದು ಜೂಜು ಎಂದ. ಯಾರಿಗೇ ಆದರೂ ಮೊದಲು ಒಂದು ಡಾಲರ್ ಕಳಿಸು, ಮುಟ್ಟಿತು ಅಂತ ಆ ಕಡೆಯವನು ಹೇಳಿದ ಮೇಲೆ ಮಿಕ್ಕದ್ದು ಕಳಿಸು ಎಂದ. ಬೇರೆಯವರ ಫೋನಿನಲ್ಲಿ ನಿನ್ನ ವಾಲೆಟ್ ತೆರೆಯಬೇಡ ಎಂದ. ಅಷ್ಟೇ. ಗೋಪಾಳದ ಕೋಟಿನವನು ಮೂರು ತಿಂಗಳು ಎಳೆದು ಮುಟ್ಟದ ವಿಷಯವನ್ನು ಇವನು ಎರಡು ಕಿಲೋ ಈರುಳ್ಳಿಯಲ್ಲಿ ಮುಗಿಸಿದ.

ಕೊನೆಯದಾಗಿ ಹನ್ನೆರಡು ಪದಗಳ ವಿಷಯ ಹೇಳಿದ. ವಾಲೆಟ್ಟಿಗೆ ಮ್ಯಾನೇಜರ್ ಇಲ್ಲ, ಹೋಗಿ ಅರ್ಜಿ ಕೊಡಲು ಆಫೀಸಿಲ್ಲ. ಫೋನ್ ಕಳೆದರೆ, ಮೊದಲ ದಿನ ಅದು ತೋರಿಸಿದ ಹನ್ನೆರಡು ಇಂಗ್ಲಿಷ್ ಪದಗಳನ್ನು ಹೊಸ ಫೋನಿನಲ್ಲಿ ಅದೇ ಕ್ರಮದಲ್ಲಿ ಹೊಡೆಯಬೇಕು. ಒಂದು ತಪ್ಪಿದರೂ ಬಾಗಿಲು ತೆರೆಯದು. ಅವನು ತನ್ನ ಹನ್ನೆರಡನ್ನೂ ಒಂದೇ ಚೀಟಿಯಲ್ಲಿ ಬರೆದು ಊರಿನ ಹೆಂಡತಿಗೆ ಕೊಟ್ಟಿದ್ದ. ನಾನು ಹಾಗೆ ಮಾಡುವ ದಡ್ಡನೇ? ಆಮೇಲೆ ರಜೆಗೆ ಊರಿಗೆ ಬಂದಾಗ ಎರಡು ಚೀಟಿ ಮಾಡಿದೆ. ಮೊದಲ ಆರು ಪದ ಗೋಪಾಳದ ಅಣ್ಣನಿಗೆ, ಕೊನೆಯ ಆರು ಭದ್ರಾವತಿಯಲ್ಲಿದ್ದ ನನ್ನ ಹೆಂಡತಿಗೆ. ಕ್ಯಾಂಪಿನಲ್ಲಿ ಕಳವಾದೀತೆಂದು ನನ್ನ ಹತ್ತಿರ ನಕಲು ಇಟ್ಟುಕೊಳ್ಳಲಿಲ್ಲ. ನಮ್ಮಲ್ಲಿ ಏನು ಹಂಚಿದರೂ ಮೊದಲು ಹಿರಿಯನಿಗೆ, ತೆಂಗಿನಕಾಯಿಯ ಹೋಳಾದರೂ ಸರಿ. ಇಬ್ಬರಲ್ಲಿ ಯಾರೂ ಒಬ್ಬರೇ ತೆರೆಯಲಾರರು, ಇಬ್ಬರೂ ಸೇರುವವರಲ್ಲ. ಎಂಥಾ ಜಾಣತನ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಕ್ಯಾಂಪಿಗೆ ಮರಳಿ ಅಡುಗೆಯವನಿಗೆ ಹೇಳಿದರೆ ಅವನು ಚಾಕು ಕೆಳಗಿಟ್ಟು ಕೇಳಿದ: “ನಿನ್ನ ಹೆಂಡತಿ ಕಳ್ಳಿಯೇನು?”

“ಛೆ, ಇಲ್ಲ. ನಮ್ಮ ಕಡೆ ಹೀಗೇ,” ಎಂದೆ.

ಹೋದ ವರ್ಷ ಅವನ ಕೆಲಸದ ಅವಧಿ ಮುಗಿಯಿತು. ಗುತ್ತಿಗೆದಾರ ಬಾಕಿ ಸಂಬಳವನ್ನು ಕೈಗೆ ಹಾಕಿ, ಟಿಕೆಟ್ ನೀನೇ ನೋಡಿಕೋ ಎಂದು ಕೈ ತೊಳೆದುಕೊಂಡ. ವೀಸಾ ರದ್ದಾದ ಕಾಗದ ಬರುವವರೆಗೆ ಟಿಕೆಟ್ ತೆಗೆಯುವಂತಿರಲಿಲ್ಲ. ಅದು ಬಂದ ಮೇಲೆ ಹತ್ತು ದಿನದೊಳಗೆ ದೇಶ ಬಿಡಬೇಕು, ಬಿಡದಿದ್ದರೆ ದಿನದ ಲೆಕ್ಕದಲ್ಲಿ ದಂಡ, ಆಮೇಲೆ ಲಾಕಪ್ಪು. ಅವನ ಫೋನು ಆ ವಾರವೇ ಕೆಟ್ಟಿತ್ತು. ನಗದು ಇಟ್ಟುಕೊಂಡರೆ ಕ್ಯಾಂಪಿನಲ್ಲಿ ಬೆಳಗಾಗುವುದರೊಳಗೆ ಮಾಯ. ಹಾಗಾಗಿ ಅಷ್ಟಕ್ಕೂ ನಾಣ್ಯ ಕೊಂಡು ನನ್ನ ವಾಲೆಟ್ಟಿಗೆ ಹಾಕಿಸಿದ. ನಾನು ರಜೆಗೆ ಹೊರಟಿದ್ದೆ. ಹೊಸ ಫೋನ್ ಕೊಂಡು ಹೇಳುತ್ತೇನೆ, ಆಗ ಕಳಿಸು ಎಂದ. ಚೀಟಿಯಿಲ್ಲ, ಸಾಕ್ಷಿಯಿಲ್ಲ. ದಾರಿಯಲ್ಲಿ ತಿನ್ನಲು ಚಪಾತಿ ಕಟ್ಟಿಕೊಟ್ಟ.

ಬೆಂಗಳೂರಿಂದ ರೈಲಿನಲ್ಲಿ ಬರುತ್ತಾ ಫೋನ್ ಚಾರ್ಜಿಗೆ ಹಾಕಿ ಕಣ್ಣು ಮುಚ್ಚಿದೆ. ಬೀರೂರಿನಲ್ಲಿ ಎಚ್ಚರವಾದಾಗ ಚಾರ್ಜರಿನ ವೈರು ಮಾತ್ರ ತೂಗಾಡುತ್ತಿತ್ತು. ಎದುರು ಸೀಟಿನ ದೊಡ್ಡ ಮನುಷ್ಯ, “ಯಾರೋ ತಗೊಂಡು ಇಳಿದ್ರಪ್ಪ, ನಿಮ್ಮ ಕಡೆಯೋರು ಅಂದ್ಕಂಡೆ,” ಎಂದು ಹೇಳಿ ಕಡಲೆಕಾಯಿ ಬಿಡಿಸತೊಡಗಿದ.

ಭದ್ರಾವತಿಯಲ್ಲಿ ಇಳಿದವನೇ ಹೆಂಡತಿಯ ಫೋನಿನಿಂದ ಕ್ಯಾಂಪಿಗೆ ಸುದ್ದಿ ಮುಟ್ಟಿಸಿದೆ: ಫೋನ್ ಕಳವಾಗಿದೆ, ಪದಗಳು ಮನೆಯಲ್ಲೇ ಇವೆ, ಎರಡು ದಿನದಲ್ಲಿ ಕಳಿಸುತ್ತೇನೆ. ಅವನ ವೀಸಾ ಕಾಗದ ಅವತ್ತೇ ಬಂದಿತ್ತು. ಹತ್ತು ದಿನದ ಎಣಿಕೆ ಶುರುವಾಯಿತು. ಹೆಂಡತಿ ಹಳೇನಗರದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಾನು ಕೇಳುವ ಮೊದಲೇ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ತನ್ನ ಚೀಟಿ ತೆಗೆದುಕೊಟ್ಟಳು. ಹೊಸ ಫೋನ್ ಕೊಂಡು, ಮರುದಿನ ಬೆಳಗ್ಗೆ ಬಸ್ಸು ಹತ್ತಿ ಗೋಪಾಳಕ್ಕೆ ಹೋದೆ.

ಅಣ್ಣ ಸೋಫಾದ ಮೇಲೆ ಒಂದು ಕಾಲು ಮಡಚಿ ಕೂತಿದ್ದ. ವಿಷಯವೆಲ್ಲ ಕೇಳಿದ. ಆಮೇಲೆ, “ಕೊಡ್ತೀನಿ ಮಾರಾಯ, ಗಡಿಬಿಡಿ ಯಾಕೆ? ಮೊದ್ಲು ಪಾಲಿನ ಮಾತು ಮುಗಿಸೋಣ,” ಎಂದ.

“ಯಾವ ಪಾಲು?”

“ಹನ್ನೆರಡರಲ್ಲಿ ಆರು ಯಾರ ಹತ್ರ ಇದೆ? ನನ್ನ ಹತ್ರ. ಅದೂ ಮೊದ್ಲಿನ ಆರು. ನೀನೇ ಕೊಟ್ಟಿದ್ದು, ಹಿರಿಯ ಅಂತ. ಪದ ಯಾರ ಹತ್ರ ಇರುತ್ತೋ ನಾಣ್ಯ ಅವರದ್ದು. ನೋಟ್ಸಲ್ಲಿದೆ, ತೋರಿಸ್ಲಾ?”

ನೋಟ್‌ಬುಕ್ ತಂದು ತೋರಿಸಿಯೂ ಬಿಟ್ಟ. ಕೋಟಿನವನು ಹೇಳಿದ್ದ ಮಾತೇ ಅದು, ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿತ್ತು. ನನಗೆ ನಗಬೇಕೋ ಕಪಾಳಕ್ಕೆ ಬಿಡಬೇಕೋ ತಿಳಿಯಲಿಲ್ಲ. ಹಿತ್ತಲು, ಕೊಟ್ಟಿಗೆ, ಹಿತ್ತಾಳೆ ಹಂಡೆ ಪಾಲು ಮಾಡಿ ಅಭ್ಯಾಸವಿದ್ದ ತಲೆಗೆ ಇಂಗ್ಲಿಷ್ ಪದಗಳೂ ಪಿತ್ರಾರ್ಜಿತ ಆಸ್ತಿಯಂತೆ ಕಂಡಿದ್ದವು. ಅದರಲ್ಲಿ ಅಡುಗೆಯವನ ದುಡ್ಡೂ ಇದೆ ಎಂದೆ. “ಯಾರೋ ಆಫ್ರಿಕಾದೋನ ಮೇಲಿರೋ ಪ್ರೀತಿ ಒಡಹುಟ್ಟಿದೋನ ಮೇಲಿಲ್ಲ,” ಎಂದು ಅತ್ತಿಗೆ ಕಡೆ ನೋಡಿದ. ಅತ್ತಿಗೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಅಲ್ಲಿಂದ ನೇರ ಕೋಟಿನವನ ಹಾಲ್‌ಗೆ ಹೋದೆ. ನಿಮ್ಮ ಶಿಷ್ಯನಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಕೇಳಿದೆ. ಅವನು ನನ್ನ ಕೈಗೆ ಕಾರ್ಡು ಕೊಟ್ಟು, “ಟೆಕ್ನಿಕಲಿ ನಿಮ್ಮ ಬ್ರದರ್ ಹೇಳೋದ್ರಲ್ಲಿ ಒಂದು ಪಾಯಿಂಟ್ ಇದೆ ಸರ್. ನೀವು ನಮ್ಮ ಅಡ್ವಾನ್ಸ್ ಕೋರ್ಸಿಗೆ ಸೇರ್ಕೊಳ್ಳಿ, ಉಳಿದ ಆರು ಪದ ಹುಡುಕೋ ಮೆಥಡ್ ಹೇಳಿಕೊಡ್ತೀವಿ,” ಎಂದ.

“ನೀವು ಯಾರಿಗಾದ್ರೂ ನಿಜವಾಗ್ಲೂ ನಾಣ್ಯ ಕಳಿಸಿದೀರಾ?” ಎಂದೆ.

“ಡೆಮೊ ಅಕೌಂಟಲ್ಲಿ ಡೈಲಿ ಕಳಿಸ್ತೀನಿ ಸರ್.”

ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗೆ ಅನ್ನುತ್ತಾರಲ್ಲ, ಇಲ್ಲಿ ದಾರಿ ತೋರಿಸುವ ಕುರುಡ ಫೀಸು ಬೇರೆ ತೆಗೆದುಕೊಳ್ಳುತ್ತಿದ್ದ. ಕಾರ್ಡನ್ನು ಅವನ ಮೇಜಿನ ಮೇಲೇ ಇಟ್ಟು ಬಂದೆ.

ನಾಲ್ಕನೇ ದಿನ ಹೆಂಡತಿ ಗುಂಡಿ ಹೊಲಿಯುತ್ತಾ, “ರೀ, ಅವರ ಟಿಕೆಟ್ಟು ಇಲ್ಲಿಂದ್ಲೇ ಬುಕ್ ಮಾಡಿಬಿಡಿ. ಬ್ಯಾಂಕಲ್ಲಿ ಇದೆಯಲ್ಲ. ಆಮೇಲೆ ನಿಧಾನಕ್ಕೆ ಅಣ್ಣನ ಹತ್ರ ಜಗಳ ಆಡಿ,” ಎಂದಳು. ನಾನು ರೇಗಿದೆ. “ಅವನ ದುಡ್ಡು ಅಲ್ಲಿ ಭದ್ರವಾಗಿದೆ. ನಮ್ಮದು ಯಾಕೆ ತೆಗೀಬೇಕು? ನಾಳೆ ವಾಲೆಟ್ ತೆರೀದೇ ಹೋದ್ರೆ ನಮಗೆ ಯಾರು ವಾಪಸ್ ಕೊಡ್ತಾರೆ?” ಎಂದೆ. ಹಾಗಾದರೆ ನಾನಾದರೂ ಅಕ್ಕನ ಹತ್ತಿರ ಒಂದು ಮಾತು ಕೇಳಲಾ ಎಂದಳು. ಅವಳು ನನ್ನ ಅತ್ತಿಗೆಯನ್ನು ಅಕ್ಕ ಅನ್ನುತ್ತಾಳೆ. ಹೆಂಗಸರು ಇದರ ನಡುವೆ ಬರಬೇಡಿ ಎಂದು ಬಾಯಿ ಮುಚ್ಚಿಸಿದೆ. ಅವಳು ಹಲ್ಲಿನಿಂದ ದಾರ ಕಡಿದು ಇನ್ನೊಂದು ಬ್ಲೌಸ್ ಎತ್ತಿಕೊಂಡಳು.

ಭಾನುವಾರ, ಆರನೇ ದಿನ, ಪಂಚಾಯ್ತಿ ಸೇರಿತು. ಕುಂಸಿಯಿಂದ ಚಿಕ್ಕಪ್ಪನನ್ನು ಕಾರು ಮಾಡಿ ಕರೆಸಿದ್ದೂ ಅಣ್ಣನೇ. ಹಣೆಗೆ ವಿಭೂತಿ, ಭುಜಕ್ಕೆ ಟವೆಲ್ಲು, ಎದುರಿಗೆ ಉಪ್ಪಿಟ್ಟು. ವಾಲೆಟ್ ಅಂದರೆ ಏನು ಎಂದು ನಾನು ಮುಕ್ಕಾಲು ಗಂಟೆ ವಿವರಿಸಿದೆ. ಚಿಕ್ಕಪ್ಪ ಎಲ್ಲ ಕೇಳಿ, “ಬೀಗದ ಕೈ ಅರ್ಧ ಮುರ್ಕೊಂಡೋನಿಗೆ ಅರ್ಧ ಬೀರು ಸೇರ್ತದೇನೋ?” ಎಂದು ಅಣ್ಣನಿಗೆ ಬೈದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಒಂದು ತುತ್ತು ಉಪ್ಪಿಟ್ಟು ಇಳಿಯುವವರೆಗೆ ಮಾತ್ರ. “ಆದ್ರೂ ಹಿರಿಯ ಅಂತ ಒಂದು ಮರ್ಯಾದೆ ಬೇಕಲ್ಲಪ್ಪ. ಮಲವಗೊಪ್ಪದ ಸೈಟು ಅವನಿಗೇ ಬಿಡು, ಪದ ಇಸ್ಕೋ.”

ಆ ಸೈಟು ಇಬ್ಬರೂ ಸೇರಿ ಕೊಂಡದ್ದು. ನಾನು ಎದ್ದು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅಣ್ಣನೂ ಅಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಕೊನೆಗೆ ಚಿಕ್ಕಪ್ಪ, ಅಮಾವಾಸ್ಯೆ ಎದುರಿಗೆ ಇಟ್ಟುಕೊಂಡು ಆಸ್ತಿ ಮಾತು ಒಳ್ಳೆಯದಲ್ಲ, ಕಳೆದ ಮೇಲೆ ಇನ್ನೊಮ್ಮೆ ಕೂರೋಣ ಎಂದರು. ಅಮಾವಾಸ್ಯೆ ಒಂಬತ್ತನೇ ದಿನವಿತ್ತು. ಅದನ್ನು ಬೆರಳೆಣಿಸಿ ನೋಡಿದವನು ನಾನು. ಆದರೂ ಆಗಲಿ ಎಂದು ತಲೆ ಆಡಿಸಿದೆ. ಅಷ್ಟು ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅಣ್ಣನ ಮೂಗು ಮಣ್ಣಿಗೆ ತಿಕ್ಕುವುದು. ಕ್ಯಾಂಪಿನಿಂದ ಒಂದೂ ಫೋನ್ ಬಂದಿರಲಿಲ್ಲ. ಬರದೇ ಇದ್ದದ್ದು ನನಗೆ ಅನುಕೂಲವೇ ಆಗಿತ್ತು.

ಹನ್ನೊಂದನೇ ದಿನ ಬೆಳಗ್ಗೆ ಎರಡನೇ ಪಂಚಾಯ್ತಿಗೆ ಹೊರಡಲು ಇಸ್ತ್ರಿ ಅಂಗಿ ಹಾಕುತ್ತಿದ್ದೆ. ಹೆಂಡತಿ ತನ್ನ ಫೋನ್ ತಂದು ಮುಂದೆ ಹಿಡಿದಳು. ಅತ್ತಿಗೆ ಕಳಿಸಿದ ಫೋಟೋ. ಅಣ್ಣನ ಚೀಟಿ, ದೇವರ ಮನೆಯಲ್ಲಿ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ಇಟ್ಟದ್ದು. ಆರು ಪದವೂ ಸ್ಪಷ್ಟವಾಗಿದ್ದವು.

“ಹೆಂಗೆ ಕೊಟ್ರು?”

“ಕೇಳ್ದೆ, ಕೊಟ್ರು. ನೀವು ಬೇಡ ಅಂದಿದ್ರಿ ಅಂತ ಇಷ್ಟು ದಿನ ಸುಮ್ಮನಿದ್ದೆ. ಅಕ್ಕ ಏನಂದ್ರು ಗೊತ್ತಾ? ಮೊದಲನೇ ದಿನವೇ ಕೇಳಬಾರದಿತ್ತೇನೆ, ಅಂದ್ರು.”

ವಾಲೆಟ್ ತೆರೆಯಲು ಐದು ನಿಮಿಷ ಹಿಡಿಯಿತು. ಎಲ್ಲವೂ ಇದ್ದ ಹಾಗೇ ಇತ್ತು. ಕ್ಯಾಂಪಿನ ಒಬ್ಬನಿಂದ ಅಡುಗೆಯವನ ಹೊಸ ನಂಬರ್ ಪಡೆದು ವಾಲೆಟ್ ವಿಳಾಸ ಕೇಳಿದೆ. ಅವನೇ ಕಲಿಸಿದಂತೆ ಮೊದಲು ಒಂದು ಡಾಲರ್ ಕಳಿಸಿದೆ. ಮುಟ್ಟಿತು ಎಂದ. ಮಿಕ್ಕದ್ದೂ ಕಳಿಸಿದೆ. ಆಮೇಲೆ ಹೆದರುತ್ತಲೇ, ಎಲ್ಲಿದ್ದೀಯ, ದಂಡ ಎಷ್ಟಾಯಿತು ಎಂದು ಕೇಳಿದೆ.

ಧ್ವನಿ ಸಂದೇಶ ಬಂತು. ಹಿಂದೆ ಕೋಳಿಗಳ ಸದ್ದು, ಯಾವುದೋ ಮಗುವಿನ ನಗು. ಅವನು ಹಿಂದಿನ ದಿನವೇ ಊರು ತಲುಪಿದ್ದ. ಗಡುವು ಮುಗಿಯುವ ಹಿಂದಿನ ದಿನ ನೇಪಾಳದವರು, ಫಿಲಿಪೀನ್ಸಿನವರು, ನಮ್ಮ ಬಿಹಾರದವರು ಎಲ್ಲ ಊಟದ ಹಾಲ್‌ನಲ್ಲಿ ಸೇಫ್ಟಿ ಹೆಲ್ಮೆಟ್ ಹಿಡಿದು ತಿರುಗಿ ಟಿಕೆಟ್ಟಿನ ದುಡ್ಡು ಎತ್ತಿದ್ದರಂತೆ. ಈಗ ಅವರಿಗೆಲ್ಲ ಹಿಂದಿರುಗಿಸುತ್ತೇನೆ ಎಂದ. ಒಬ್ಬಿಬ್ಬರು ನನಗೆ ಫೋನ್ ಮಾಡಿ ಬೈಯಲು ಹೊರಟಿದ್ದರಂತೆ, ಇವನೇ ತಡೆದನಂತೆ. “ನಿನ್ನ ಫೋನ್ ಕಳವಾಗಿತ್ತು. ಅಲ್ಲಿ ನೀನು ನನಗಾಗಿ ಓಡಾಡುತ್ತಾ ಎಷ್ಟು ಕಷ್ಟಪಡುತ್ತಿದ್ದೀಯೋ ಅಂತ ನನಗೆ ಗೊತ್ತು. ಅದಕ್ಕೇ ನಾನು ಕೇಳಲಿಲ್ಲ,” ಎಂದಿದ್ದ.

ಕಷ್ಟ! ಗೋಪಾಳದಲ್ಲಿ ಉಪ್ಪಿಟ್ಟು ತಿಂದಿದ್ದೆ. ಅಣ್ಣನನ್ನು, ಕೋಟಿನವನನ್ನು, ಚಿಕ್ಕಪ್ಪನನ್ನು ಹತ್ತು ದಿನ ಹೀನಾಯವಾಗಿ ಬೈದ ಬಾಯಿಗೆ ಈಗ ಬೈಯಲು ನಾನೊಬ್ಬನೇ ಉಳಿದಿದ್ದೆ. ಅಣ್ಣನಿಗಾದರೂ ಆ ಮನುಷ್ಯನ ಮುಖ ಗೊತ್ತಿರಲಿಲ್ಲ. ನಾನು ಮೂರು ವರ್ಷ ಅವನ ಕೈಯ ಅನ್ನ ತಿಂದಿದ್ದೆ. ಬ್ಯಾಂಕಿನಲ್ಲಿ ದುಡ್ಡಿಟ್ಟುಕೊಂಡೂ ಅವನನ್ನು ಲಾಕಪ್ಪಿನ ಬಾಗಿಲವರೆಗೆ ಬಿಟ್ಟಿದ್ದೆ.

ಆ ಸಂಜೆ ಹೊಸ ವಾಲೆಟ್ ಮಾಡಿದೆ. ಹನ್ನೆರಡು ಪದಗಳನ್ನೂ ಒಂದೇ ಕಾಗದದಲ್ಲಿ ದುಂಡಗೆ ಬರೆದೆ. ತಪ್ಪು ತಿದ್ದಿಕೊಂಡವನ ಗತ್ತಿನಲ್ಲಿ ಮೆಷಿನ್ನಿನ ಪಕ್ಕಕ್ಕೆ ಹೋಗಿ ನಿಂತು, “ತಗೋ, ಈ ಸಲ ಪೂರ್ತಿ ನಿನಗೇ,” ಎಂದೆ.

ಅವಳು ಪೆಡಲ್ ನಿಲ್ಲಿಸಲಿಲ್ಲ.

“ನನಗ್ಯಾಕೆ? ಆ ಅಡುಗೆಯವರಿಗೆ ಕಳಿಸಿ,” ಎಂದಳು. “ನಿಮ್ಮನ್ನ ನಂಬೋರು ಈಗ ಅವರೊಬ್ಬರೇ.”