ಹೆಸರು ಹಿಡಿದು ಕರದಾಕಿ

ನಮ್ಮ ಮನಿಯವ್ರು ಸತ್ತು ಬದುಕಿದ ಮನಶಾ ಅಂತ ವಾಸ್ಕೋದ ಮಂಗೋರ್ ಹಿಲ್‌ನಾಗ ಎಲ್ಲಾರೂ ಅಂತಿದ್ರು. ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ದಾಬೋಲಿಮ್ ಕಡೆ ಕಟ್ಟಡದ ಕೆಲಸದಾಗ ಅವರ ಕಾಲಿಗೆ ಮೊಳಿ ಚುಚ್ಚಿತು. ಅರಿಷಿಣ ಮೆತ್ತಿ ಸುಮ್ನಾದ್ವಿ. ಮುಂದ ದವಡಿ ಕಚ್ಚಿಕೊಂಡು ಧನುರ್ವಾಯು ಆತು. ದೊಡ್ಡಾಸ್ಪತ್ರ್ಯಾಗ ಗಂಟಲಕ್ಕ ತೂತು ಹಾಕಿ, ಉಸಿರಾಡೋ ಮಷಿನ್ ಹಚ್ಚಿ, ಐಸಿಯುನಾಗ ತಿಂಗಳಗಟ್ಟಲೆ ಮಲಗಿಸಿದ್ರು.

ಮನಿಗೆ ಕಳಿಸುವಾಗ ಡಾಕ್ಟರು ಆರಾಮ ಆಗ್ಯಾರ ಅಂದಿದ್ರು. ಎಲ್ಲೀ ಆರಾಮ! ಸಿಮೆಂಟ್ ಚೀಲ ಹೊರತಿದ್ದ ಮನಶಾಗ ಚಾದ ಕಪ್ಪು ಎತ್ತಾಕ ಎರಡೂ ಕೈ ಬೇಕಾದವು. ಕೂದಲ ಉದುರಿದವು. ಉಗುರಿನ ಮ್ಯಾಲೆ ಅಡ್ಡಡ್ಡ ಗೆರಿ ಮೂಡಿ ನಿಧಾನಕ ಮುಂದ ಸರಕೋತ ಹೊಂಟವು. ನನಗ ಅದೊಂದು ಹುಚ್ಚು ಹಿಡದಿತ್ತು, ದಿನಾ ಅವರ ಕೈ ಹಿಡಕೊಂಡು ಗೆರಿ ಎಲ್ಲಿಗೆ ಬಂತು ಅಂತ ನೋಡಾಕಿ. ಗೆರಿ ತುದಿ ಮುಟ್ಟಿ ಉಗುರು ಕತ್ತರಿಸಿದ್ರ ಜಡ್ಡೂ ಕತ್ತರಿಸಿ ಹೋಗತೈತೇನೋ ಅಂತ ನನ್ನ ಲೆಕ್ಕ.

ಎಚ್ಚರ ಇಲ್ಲದ ಅಷ್ಟು ದಿನ ಇವ್ರು ಎಲ್ಲಿ ಹೋಗಿದ್ರು ಅನ್ನೂದೂ ನನಗ ತಿಳೀಬೇಕಿತ್ತು. ಕೇಳಿದ್ರ, ಹಡಗಿನ ಅಡಿಯಾಗ ಮಲಗಿದ್ದೆ, ಮಗ್ಗಲದಾಗ ಡುಬ್ಬದ ಒಂಟಿ ನಿಂತಿತ್ತು ಅಂದ್ರು. ವಾಸ್ಕೋದ ಹಡಗಿನ್ಯಾಗ ಒಂಟಿ ಎಲ್ಲಿಂದ ಬರಬೇಕ್ರಿ? ಕೊರಳಾಗ ಗಂಟಿ ಇತ್ತೇನು ಅಂತ ಕೇಳಿದೆ. ಇತ್ತು, ಟಿಣ್ ಟಿಣ್ ಅಂತಿತ್ತು ಅಂದ್ರು. ತಲಿದೆಸಿಗಿದ್ದ ಮಷಿನ್ನಿನ ಸಪ್ಪಳ ಅದು. ನನಗ ನಗಿ ತಡಿಯಾಕ ಆಗಲಿಲ್ಲ.

ನಗಿ ಭಾಳ ದಿನ ಉಳೀಲಿಲ್ಲ. 'ಅಲ್ಲಿಗೆ ನೀ ಒಂದಿನಾನೂ ಬರಲಿಲ್ಲ' ಅಂದ್ರು.

ದಿನಾ ಬಸ್ ಹಿಡದು ಹೋಗಿ, ಮುಖಕ್ಕ ಅರಬಿ ಕಟ್ಟಿಕೊಂಡು, ಬಿಟ್ಟಷ್ಟು ಹೊತ್ತು ನಿಂತು ಬಂದಾಕಿ ನಾ. ಸಪ್ಪಳಾದ್ರ ಮೈ ಸೆಟೀತೈತಿ, ತುಟಿ ಬಿಚ್ಚಬ್ಯಾಡ ಅಂತಿದ್ರು ಡಾಕ್ಟರು. ಇವರಿಗೆ ನೆನಪಿದ್ದದ್ದು ಒಂದ ಒಂದು: ಯಾರೋ ಹೆಣಮಗಳು ಹೆಸರು ಹಿಡಿದು ಕರದ್ಲು, ಆಕಿ ದನಿ ಹಿಡಕೊಂಡು ಮ್ಯಾಲೆ ಬಂದೆ ಅಂತ. ನರ್ಸಬಾಯಿನ ಇರಬೇಕು, ಹುಡುಕಿ ಕಾಲು ಬೀಳತೀನಿ ಅಂತಿದ್ರು. ವಿಜಾಪುರ ಕಡಿಂದ ಬಂದಿದ್ದ ಅತ್ತಿ ಅದಕ್ಕ ಹೂಂಗುಟ್ಟಿ ನನ್ನ ವಾರಿಗಣ್ಣಿಲೆ ನೋಡತಿದ್ಲು. ಕಡೀಕ, ಅವ್ವನ ಜೋಡಿ ಊರಾಗ ಇರತೀನಿ, ನೀ ಬರೂದು ಬ್ಯಾಡ ಅಂದುಬಿಟ್ರು.

ಆ ಕರದಾಕಿ ನಾನ! ನಿದ್ದಿ ಔಷಧ ಬಿಡಿಸಿದ ಮ್ಯಾಲೂ ಕಣ್ಣು ತೆರೀಲಾರದಾಗ ನರ್ಸಬಾಯಿ ಹಿಂದಿಯೊಳಗ, ಹೆಸರು ಹಿಡಿದು ಕರೀ ಅಂತ ನನ್ನ ಬೆನ್ನು ಬಿದ್ಲು. ಮದುವ್ಯಾಗ ಒಡಪು ಕಟ್ಟಿ ಹೇಳಿದ್ದು ಬಿಟ್ರ ಆ ಹೆಸರು ನನ್ನ ಬಾಯಾಗ ಬಂದಿರಲಿಲ್ಲ. ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಮ್ಮಿ ಅಂತಾರ. ಕಮ್ಮಿ ಆಗಾಕ ಅಲ್ಲಿ ಎಷ್ಟರೇ ಉಳದಿತ್ತು? ಅವರ ಕಿವ್ಯಾಗ ಕರದೆ. ರೀ ಅಂದಿದ್ರ ನನ್ನ ಗುರುತು ಹತ್ತತಿತ್ತು. ಹೆಸರು ಹೇಳೋ ದನಿ ಯಾರದಂತ ಅವರಿಗೆ ಹೆಂಗ ತಿಳೀಬೇಕು? ಇದನ್ನ, ಮಗನ ಮಗ್ಗಲ ಬಿಡಲಾರದ ಅತ್ತಿ ಮುಂದ ಹೇಳಾಕ ನನಗ ಅಂಜಿಕಿ. ನನ್ನ ಮಗನ ಕೈಕಾಲು ಬಿದ್ದದ್ದು ನಿನ್ನ ಬಾಯಿಂದನ ಅಂದಾಳಂತ.

ಊರಿಗೆ ಹೊರಡೋ ದಿನ ಅತ್ತಿ ಗಂಟು ಕಟ್ಟಿ ಇಟ್ಲು. ಇವ್ರು ಗ್ವಾಡಿ ಹಿಡಕೊಂಡು ಏಳಾಕ ನೋಡತಿದ್ರು. ಅಂಜಿಕಿ ಹಾಳಾಗಿ ಹೋಗಲಿ ಅಂತ ಹತ್ತರ ಹೋಗಿ, ಅತ್ತಿ ಮುಂದನ, ಹೆಸರು ಹಿಡಿದು ಕರದೆ.

ಅತ್ತಿ ಕಿವಿ ಮುಚ್ಚಿಕೊಂಡ್ಲು. ಇವ್ರು ಕಣ್ಣು ಮುಚ್ಚಿ ಹಂಗ ನಿಂತುಬಿಟ್ರು. ಆಮ್ಯಾಲೆ ಕಣ್ಣಾಗಿನ ನೀರು ಒರಸಿಕೊಳ್ಳಾರದನ, ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ ಅಂತ ಕೇಳಿದ್ರು.

'ನಿಮ್ಮ ಆಯುಷ್ಯ ಕಮ್ಮಿ ಆಗತೈತಲ್ರಿ' ಅಂದೆ.

'ಆದ್ರ ಆಗಲಿ. ಇನ್ನೊಮ್ಮೆ ಕರಿ' ಅಂದ್ರು.