ಬಿಗಿಯಾಗಿ ಹೊಲಿಸಿದ ಯೂನಿಫಾರ್ಮ್

“ಬಿಗಿಯಾಗೇ ಹೊಲ್ದ್ಬುಡಿ ಸಾಬ್ರೇ. ಅವ್ನ್ಗೆ ಆಕ್ಕೊಳಕ್ಕೇ ಆಗ್ಬಾರ್ದು.”

ಗುಂಡ್ಲುಪೇಟೆಯ ದರ್ಜಿ ಅಂಗಡಿಯಲ್ಲಿ ಕಾಯುತ್ತಿದ್ದ ನಾನು ತಲೆಯೆತ್ತಿದೆ. ಮಾತಾಡಿದವರು ಭೀಮನಬೀಡಿನ ಒಬ್ಬ ತಾಯಿ. ಜೊತೆಗಿದ್ದ ಮಗ ಹೆಚ್ಚುಕಡಿಮೆ ನನ್ನ ವಯಸ್ಸಿನವನು. ದಪ್ಪ ಮೀಸೆ, ಬಾಗಿಲು ತುಂಬುವ ಮೈ; ಬುದ್ಧಿ ಮಾತ್ರ ಅಷ್ಟು ಬೆಳೆದಿರಲಿಲ್ಲ. ಅಳತೆ ಮುಗಿದರೂ ಕೈ ಚಾಚಿಕೊಂಡೇ ನಿಂತು “ಪ್ರೆಸೆಂಟ್ ಮಿಸ್, ಪ್ರೆಸೆಂಟ್ ಮಿಸ್” ಎನ್ನುತ್ತಲೇ ಇದ್ದ.

ಪ್ರತಿ ಜೂನ್‌ಗೆ ಅವನಿಗೆ ಶಾಲೆಯ ನೀಲಿ ಚಡ್ಡಿ, ಬಿಳಿ ಅಂಗಿ ಹೊಸದಾಗಿ ಬೇಕು. ದಿನವೂ ಪ್ರಾರ್ಥನೆಯ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಇಷ್ಟು ವರ್ಷ ಶಾಲೆಯವರು ಬಿಟ್ಟಿದ್ದರು. ಈಗ ಅವನ ಗಾತ್ರ ನೋಡಿ ಮಕ್ಕಳು ಹೆದರುತ್ತಾರೆ, ಕಳಿಸಬೇಡಿ ಎಂದಿದ್ದಾರಂತೆ.

“ಮೈಗಾಗದ ಬಟ್ಟೆ ಯಾಕಮ್ಮ ಹೊಲಿಯೋದು?” ಎಂದರು ದರ್ಜಿ.

“ಹೊಲಿಸ್ದೆ ಇದ್ರೆ ಗೋಡೆಗ್ ತಲೆ ಚಚ್ಕತಾನೆ. ಹೊಲ್ಸಿದ್ದು ಆಗ್ನಿಲ್ಲ ಅಂದ್ರೆ ಇಸ್ಕೂಲ್ನಾದ್ರೂ ಮರೀತಾನೇನೋ.”

ಕೆಲವು ದಿನಗಳ ನಂತರ ಬೆಳಿಗ್ಗೆ ಬಸ್ಸಿನಿಂದ ಅವನನ್ನು ಕಂಡೆ. ಶಾಲೆಯ ಮುಚ್ಚಿದ್ದ ಗೇಟಿನ ಹೊರಗೆ ಕೈ ಮುಗಿದು ನಿಂತಿದ್ದ. ಅಂಗಿಯ ಗುಂಡಿಗಳು ಕೂಡಿರಲಿಲ್ಲ, ಹೆಗಲ ಹೊಲಿಗೆ ಬಿಚ್ಚಿಹೋಗಿತ್ತು. ಒಳಗೆ ಪ್ರಾರ್ಥನೆ ನಡೆದಿತ್ತು.

ನಾನೂ ಚಿಕ್ಕಂದಿನಲ್ಲಿ ಒಂದು ವರ್ಷ ಆ ಶಾಲೆಯಲ್ಲಿ ಓದಿದವನು. ಆಗ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಇವನೇ ಎಂದು ಈಗ ಅನ್ನಿಸುತ್ತಿದೆ. ಕಂಡ ಮೇಲೆ ಮನಸ್ಸು ಕಟ್ಟಿಕೊಂಡ ನೆನಪೂ ಇರಬಹುದು, ನಂಬಲಾರೆ. ಗೇಟು ಹಾಕಿತ್ತು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.